ಸ್ವೆಟರಿನ ಮೇಲೊಂದು ಮೀಸೆಯ ಕೂದಲು

"ನನ್ನ ಮಕ್ಕಳ ಕೈಗೆ ಕತ್ತರಿ ಕೊಡಲ್ಲ ಮಾವ," ಎಂದು ಮಾತು ಕೊಟ್ಟೇ ಕ್ಷೌರಿಕ ಹೆಂಡತಿಯನ್ನು ಕರೆದುಕೊಂಡು ದೇಶ ಬಿಟ್ಟು ಬಂದಿದ್ದ. ಮಾವನದೂ ಅದೇ ಕಸುಬು. "ಊರಿನವರ ತಲೆಯನ್ನೆಲ್ಲ ಬಗ್ಗಿಸಿದವನು ನಾನು, ಬೆನ್ನು ಬಗ್ಗಿದ್ದು ಮಾತ್ರ ನನ್ನದು," ಎಂದು ಸದಾ ನಗುತ್ತಿದ್ದ ಮುದುಕ ಅವತ್ತು ನಕ್ಕಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಹುಟ್ಟಿದ್ದು ಒಬ್ಬಳೇ ಮಗಳು. ಮಾತು ಕಲಿಯುವ ಮೊದಲೇ ವಾದ ಕಲಿತವಳು ಎಂದು ಅಪ್ಪ ಅವಳನ್ನು ವಕೀಲಮ್ಮ ಎಂದೇ ಕರೆದ, ಕಾನೂನು ಕಾಲೇಜಿಗೂ ಸೇರಿಸಿದ. ಅದಕ್ಕಾಗಿ ತನ್ನ ಅಂಗಡಿಯ ಕುರ್ಚಿಯ ಸುತ್ತ ಗಾಣದ ಎತ್ತಿನಂತೆ ಸುತ್ತಿದ.

ಆ ವಕೀಲಮ್ಮನ ಸ್ವೆಟರಿನ ಮೇಲೆ ಈಗ ಒಂದು ಕೂದಲು.

ಒಗೆಯುವ ಬಟ್ಟೆಗಳನ್ನು ವಿಂಗಡಿಸುವಾಗ ಕ್ಷೌರಿಕನ ಕಣ್ಣಿಗೆ ಬಿತ್ತು. ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದ.

"ಬಸ್ಸಲ್ಲಿ ಯಾರದೋ ಅಂಟಿರುತ್ತೆ ಬಿಡ್ರಿ," ಎಂದಳು ಹೆಂಡತಿ, ಈರುಳ್ಳಿ ಹೆಚ್ಚುತ್ತಾ.

"ಇದು ತಲೆಯದಲ್ಲ ಕಣೇ. ಮೀಸೆಯದು. ಬಿಳಿ ಕೂದಲು, ಸಿಗರೇಟಿನ ಹೊಗೆಗೆ ಹಳದಿಗಟ್ಟಿದೆ. ಮೀಸೆಯ ಕೂದಲು ಬಸ್ಸಲ್ಲೆಲ್ಲ ಹಾರಾಡಲ್ಲ. ಹತ್ತಿರ ಹೋಗಬೇಕು."

ಈರುಳ್ಳಿ ಹೆಚ್ಚುವ ಸದ್ದು ನಿಂತಿತು.

ಆಮೇಲೆ ಅವನಿಗೆ ಎಲ್ಲವೂ ಕಾಣತೊಡಗಿತು. ಮಗಳು ಪುಸ್ತಕದ ಚೀಲವನ್ನು ಒಯ್ದಷ್ಟೇ ಹಗುರವಾಗಿ ತರುತ್ತಿದ್ದಳು. ಬಂದವಳೇ ಬಚ್ಚಲು ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಮೇಜಿನ ಕೆಳಗೆ ಮೀನಖಂಡ ಒತ್ತಿಕೊಳ್ಳುತ್ತಿದ್ದಳು.

"ಎಲ್ಲಿ ಸುತ್ತಾಡಿಕೊಂಡು ಬಂದ್ಯಮ್ಮ?" ಕ್ಷೌರಿಕ ಮೆಲ್ಲಗೆ ಕೆದಕಿದ.

"ಲೈಬ್ರರಿ."

"ಲೈಬ್ರರೀಲಿ ಕುರ್ಚಿ ಹಾಕಲ್ವಾ?"

ಅವಳು ಈ ದೇಶದ ಭಾಷೆಯಲ್ಲಿ ಏನೋ ಸರಸರನೆ ಅಂದು ಎದ್ದುಹೋದಳು. ಅಪ್ಪ ಅಮ್ಮನಿಗೆ ಅರ್ಥವಾಗದಷ್ಟು ವೇಗವಾಗಿ ಅವಳು ಮಾತಾಡಿದರೆ ಅದರೊಳಗೆ ಸುಳ್ಳಿದೆ ಎಂದೇ ಲೆಕ್ಕ.

ಅಂಥ ಹಳದಿ ಮೀಸೆ ಕ್ಷೌರಿಕನಿಗೆ ಗೊತ್ತಿದ್ದದ್ದು ಒಂದೇ. ಬಸ್ ಓಡಿಸಿ ನಿವೃತ್ತನಾದ ಡ್ರೈವರಪ್ಪನದು. ಹೆಂಡತಿ ತೀರಿಕೊಂಡಿದ್ದಳು, ಒಂಟಿ ಜೀವ. ವರ್ಷಗಟ್ಟಲೆ ಇವನ ಕುರ್ಚಿಯಲ್ಲೇ ಕೂತು ಮೀಸೆ ತಿದ್ದಿಸಿಕೊಂಡವನು ಈಚೆಗೆ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಎದುರು ಸಿಕ್ಕರೂ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದ. ತನಗಿಂತ ಹಿರಿಯವನು, ತನ್ನ ಮಗಳು! ಇದನ್ನು ಹೆಂಡತಿಗೆ ಹೇಳಲೂ ಬಾಯಿ ಬರಲಿಲ್ಲ.

ಶನಿವಾರ ಅಂಗಡಿಗೆ ಬೀಗ ಹಾಕಿ, ಡ್ರೈವರಪ್ಪನ ಮನೆಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪು ನೋಡುವವನಂತೆ ನಿಂತ. ಮುದುಕ ಹೊರಬಿದ್ದ. ಇಸ್ತ್ರಿಯ ಅಂಗಿ, ಹೊಳೆಯುವ ಬೂಟು. ನೋಡಿದರೆ ಮೈ ಉರಿಯುವಂಥ ಠೀವಿ. ಕ್ಷೌರಿಕ ಹಿಂದೆ ಬಿದ್ದ. ಮಾರುಕಟ್ಟೆ ದಾಟಿ, ಸೈಕಲ್ ರಿಪೇರಿಯವನ ಪಕ್ಕದ ಗಾಜಿನ ಬಾಗಿಲು ತೆಗೆದು ಮುದುಕ ಒಳಗೆ ಹೋದ. ಕ್ಷೌರಿಕ ಗಾಜಿಗೆ ಮುಖ ಒತ್ತಿದ.

ಒಳಗೆ ಸಾಲಾಗಿ ಕುರ್ಚಿಗಳು, ಕನ್ನಡಿಗಳು. ವಕೀಲಮ್ಮ ಡ್ರೈವರಪ್ಪನ ಕೊರಳಿಗೆ ಬಿಳಿ ಬಟ್ಟೆ ಸುತ್ತುತ್ತಿದ್ದಳು.

ಕ್ಷೌರಿಕ ಗಾಜಿನ ಹೊರಗೇ ನಿಂತು ನೋಡಿದ. ಅವನು ಒಳಗೆ ನುಗ್ಗುವ ಹೊತ್ತಿಗೆ ಒಂದು ಬದಿಯ ಮೀಸೆ ಮುಗಿದಿತ್ತು.

"ಮನೆಗೆ ನಡಿ."

ಮಗಳ ಮುಖ ಬಿಳಿಚಿತು, ಕೈ ಮಾತ್ರ ಕದಲಲಿಲ್ಲ. "ಅರ್ಧ ಮೀಸೆ ಬಿಟ್ಟು ಹೇಗೆ ಬರಲಪ್ಪ?"

ಕ್ಷೌರಿಕ ಗಿರಾಕಿಗಳ ಬೆಂಚಿನ ಮೇಲೆ ಕುಸಿದ.

"ಬೇಜಾರು ಮಾಡ್ಕೋಬೇಡ ಮಾರಾಯ," ಡ್ರೈವರಪ್ಪ ಕನ್ನಡಿಯೊಳಗಿಂದಲೇ ಅಂದ. "ಕಲಿಯೋಳಿಗೆ ಒಂದು ಮುಖ ಬೇಕಿತ್ತು. ನನ್ನದು ಕೆಟ್ಟರೂ ಕೇಳೋರಿಲ್ಲ."

"ಕಾಲೇಜು?" ಕ್ಷೌರಿಕ ಮಗಳ ಕಡೆ ತಿರುಗಿದ.

"ಬಿಟ್ಟೆ. ಹೇಳೋಕೆ ಹೆದರಿಕೆ ಆಯ್ತು."

"ಇದಕ್ಕಾ ನಾವು ಊರು ಕೇರಿ ಬಿಟ್ಟು ಬಂದಿದ್ದು? ನಿಮ್ಮ ತಾತನಿಗೆ ನಾನು ಮಾತು ಕೊಟ್ಟು..."

"ಕೊಟ್ಟಿದ್ದು ನೀನು, ಉಳಿಸಬೇಕಾದವಳು ನಾನಾ? ಬಂದಿದ್ದೂ ನೀವಿಬ್ಬರೇ ಅಪ್ಪ. ನಾನು ಎಲ್ಲಿಂದಲೂ ಬಂದಿಲ್ಲ. ನಿನ್ನ ಅಂಗಡಿಯ ಬೆಂಚಿನ ಮೇಲೆ ಹೋಂವರ್ಕ್ ಮಾಡ್ತಾ ಬೆಳೆದವಳು. ನಾನು ಪುಸ್ತಕ ನೋಡ್ತಿದ್ದೀನಿ ಅಂದ್ಕೊಂಡಿದ್ದೆ ನೀನು."

ಅವಳು ಮತ್ತೆ ಬಾಗಿ ಇನ್ನೊಂದು ಬದಿಗೆ ಕೈ ಹಾಕಿದಳು. ಕತ್ತರಿ ಕೂದಲನ್ನು ಕತ್ತರಿಸುವ ಬದಲು ಜಗ್ಗಿತು. ಡ್ರೈವರಪ್ಪ ಮುಖ ಕಿವುಚಿದ.

"ಕತ್ತರಿ ಮೊಂಡಾಗಿದೆ," ಕ್ಷೌರಿಕನ ಬಾಯಿಂದ ಬಂದುಹೋಯಿತು.

"ಹೊಸಬರಿಗೆ ಇಲ್ಲಿ ಕೊಡೋದು ಇಂಥದ್ದೇ."

ಕ್ಷೌರಿಕ ಬಾಗಿಲ ಕಡೆ ನೋಡಿದ. ಎದ್ದು ಹೋಗಬಹುದಿತ್ತು. ಕತ್ತರಿ ಇನ್ನೊಮ್ಮೆ ಜಗ್ಗಿತು, ಮುದುಕನ ಕಣ್ಣಲ್ಲಿ ನೀರು ತುಂಬಿತು. ಮಗಳು "ಸಾರಿ ಅಂಕಲ್" ಎಂದಳು.

ಕ್ಷೌರಿಕ ಎದ್ದು ಹೋಗಿ ಅವಳ ಪಕ್ಕ ನಿಂತ. ಅಂಗಿಯ ಜೇಬಿನಿಂದ ತನ್ನ ಕತ್ತರಿ ತೆಗೆದು ಅವಳ ಅಂಗೈಯಲ್ಲಿಟ್ಟ.

"ಹೆಬ್ಬೆರಳು ಮಾತ್ರ ಆಡಬೇಕು," ಎಂದ.

ಮಾವನಿಗೆ ಕೊಟ್ಟ ಮಾತು ಅವನು ಮುರಿದ.