ಮೇಲಿನವರಾರೂ ಅಲ್ಲ

ಗುಲಾಲು, ಸ್ಕೂಟರಿನ ಕನ್ನಡಿಯ ಮೇಲೂ ಗುಲಾಲು, ಅದರೊಳಗೆ ಹಿಂದೆ ಕೂತ ಸುಲಭಾಳ ಮುಖ ಅರ್ಧ ಗುಲಾಬಿ, ಅರ್ಧ ಅವಳದೇ ಬಣ್ಣ, ಗೆದ್ದವರ ಬಣ್ಣ ಸೋತವರಿಗೂ ಅಂಟುತ್ತದೆ ಎಂದು ಮುಕುಂದನಿಗೆ ಹೊಳೆಯಿತು, ಮುಂದಿನ ವಾರದ ಅಂಕಣಕ್ಕೆ ಇದೇ ಮೊದಲ ಸಾಲು ಎಂದೂ ಹೊಳೆಯಿತು — ಕಟ್ಟಿಕೊಂಡವಳು ನಗರಪರಿಷತ್ತಿನ ಚುನಾವಣೆ ಸೋತು ಎಣಿಕೆಯ ಕೋಣೆಯಿಂದ ಈಗಷ್ಟೇ ಹೊರಬಿದ್ದಿದ್ದಾಳೆ, ಇವನಿಗೆ ಸಾಲಿನ ಚಿಂತೆ. ಮುಂದೆ ಜಗದಾಳೆಯ ವಿಜಯದ ಮೆರವಣಿಗೆ, ಕರಾಡದ ಪೇಟೆಬೀದಿ ಪೂರ್ತಿ ಕಟ್ಟಿಹೋಗಿದೆ, ಢೋಲಿನ ಪೆಟ್ಟು ಪಕ್ಕೆಲುಬಿಗೇ ಬೀಳುತ್ತಿದೆ, ಎಂಜಿನ್ ಆರಿಸಿ ಕಾಲೂರಿ ನಿಂತ, ಹೆಗಲ ಮೇಲೆ ಅವಳ ಕೈ, ಎಂದಿನ ಹಾಗೆಯೇ ಹಗುರ, ಆ ಕೈಗೆ ಗೊತ್ತಿಲ್ಲ. ನಿನ್ನೆ ಬೆಳಿಗ್ಗೆ ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ಇವನೊಬ್ಬನೇ, ನಾಲ್ಕನೆಯ ಹೆಸರು ಅವಳದು, ಪಕ್ಕದಲ್ಲಿ ಛತ್ರಿಯ ಚಿತ್ರ, ಬೆರಳು ಅಲ್ಲಿ ನಿಂತದ್ದು ನಿಜ, ನಿಂತು ಕೆಳಗೆ ಜಾರಿತು, ಇನ್ನೂ ಕೆಳಗೆ, ಮೇಲಿನವರಾರೂ ಅಲ್ಲ ಎಂಬ ಕೊನೆಯ ಗುಂಡಿಗೆ, ಕುಂಕುಮದ ಬೊಟ್ಟಿನಷ್ಟು ಕೆಂಪು ದೀಪ, ಕೀ ಎಂಬ ಉದ್ದನೆಯ ಕೂಗು — ಹೊರಗೆ ಬಂದರೆ ಬಿಸಿಲಲ್ಲಿ ನಿಂತಿದ್ದಾಳೆ, ಹಾಕಿದ್ರೇನ್ರಿ, ಹಾಕಿದೆ, ಅಷ್ಟಕ್ಕೇ ಅವಳ ಮುಖ ಹೇಗೆ ಅರಳಿತು, ಮಡಚಿಹೋಗಿದ್ದ ಇವನ ಕಾಲರನ್ನು ಎಲ್ಲರೆದುರೇ ಸರಿಮಾಡಿದಳು.

ಕೈತಪ್ಪಿ ಒತ್ತಿದ್ದು ಎಂದು ಹೇಳಿಕೊಳ್ಳಬಹುದು, ಇಲ್ಲ, ಕೈತಪ್ಪಲಿಲ್ಲ. ಒಂದು ಕಾಲಕ್ಕೆ ಇದೇ ಬೀದಿಯ ಗೋಡೆಗಳಿಗೆ ರಾತ್ರಿಯಿಡೀ ಪೋಸ್ಟರ್ ಅಂಟಿಸಿದವನು ಇವನೇ, ಗೋಧಿಹಿಟ್ಟಿನ ಅಂಟಿನ ಬಕೆಟ್ ಹಿಡಿದು ಜೊತೆಗೆ ಓಡಾಡಿದ ಕಾಲೇಜಿನ ಹುಡುಗಿ ಸುಲಭಾ, ನಿಮ್ಮ ಮಾರಿ ನೋಡೇ ಓಟು ಹಾಕ್ತಿದ್ದೆರೀ, ಏನ್ ಮಾಡ್ಲಿ, ನನಗಿನ್ನೂ ವಯಸ್ಸಾಗಿಲ್ಲ, ಎಂದು ನಕ್ಕಿದ್ದಳು, ಆ ಸಲ ಅವರ ಮನುಷ್ಯ ಗೆದ್ದ, ಗೆದ್ದ ಮೂರನೇ ದಿನ ಎದುರು ಪಕ್ಷಕ್ಕೆ ಹಾರಿದ, ಅಂಟು ಇವನ ಉಗುರುಸಂದಿಯಲ್ಲಿ ಇನ್ನೂ ಒಣಗಿರಲಿಲ್ಲ. ಆಮೇಲೆ ಇವನಿಗೆ ಎಲ್ಲದರ ಹಿಂದೂ ಒಂದು ಲೆಕ್ಕಾಚಾರ ಕಾಣತೊಡಗಿತು, ಕಾಣುವುದನ್ನೇ ಪತ್ರಿಕೆಯ ಅಂಕಣದಲ್ಲಿ ಚುಚ್ಚಿ ಬರೆದ, ಜನ ಓದಿ ನಕ್ಕರು, ನಗಿಸುವುದೇ ಜೀವನವಾಯಿತು. ಪ್ರೀತಿಸಂಗಮದ ಮೆಟ್ಟಿಲ ಮೇಲೆ ಕೃಷ್ಣೆ ಕೊಯ್ನೆ ನದಿಗಳು ಎದುರಾಬದುರಾ ಬಂದು ಕೂಡುವುದನ್ನು ಅವಳು ಬೆರಗಿನಿಂದ ನೋಡುತ್ತಿದ್ದರೆ, ಎಂಥಾ ಪ್ರೀತಿ ಮಾರಾಯ್ತಿ, ನೀರು ಹೆಚ್ಚಿದ್ದವಳ ಹೆಸರು ಉಳೀತು, ಇನ್ನೊಬ್ಬಳದು ಹೋತು, ಅಂದಿದ್ದ, ಮದುವೆಯಾಗಿ ತಿಂಗಳೂ ಆಗಿರಲಿಲ್ಲ, ಅವಳು ಕಡಲೆಕಾಯಿ ಸುಲಿದು ಇವನ ಅಂಗೈಗೆ ಹಾಕಿದಳು. ಓಣಿಯ ಚರಂಡಿ ನೀರು ಮನೆಯೊಳಗೆ ಬಂದಾಗ ನಾನೇ ನಿಲ್ತೀನ್ರಿ ಅಂದಳು, ಗುರುತಾಗಿ ಛತ್ರಿ ಸಿಕ್ಕಿತು, ಮಳೆಗಾಲ ಮುಗಿದ ಮ್ಯಾಲೆ ಛತ್ರಿ ಯಾರು ಹುಡುಕ್ತಾರ, ಎಂದ ಇವನು, ಅವಳೂ ನಕ್ಕಳು, ನಕ್ಕು ಚಪ್ಪಲಿ ಮೆಟ್ಟಿ ಮನೆಮನೆಗೆ ಹೊರಟಳು. ಗೋದಾಕಾಕುವಿನ ಪಡಸಾಲೆಯಲ್ಲಿ ಕೂತು ಆ ಮುದುಕಿಯ ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು, ಬಾಗಿಲಿಂದ ನೋಡಿ ಓಹೋ ಓಟು ಎಂದುಕೊಂಡ, ವರ್ಷಗಳಿಂದ ತಿಕ್ಕುತ್ತಿದ್ದಾಳೆಂದು ಗೊತ್ತಿದ್ದೂ ಹಾಗೆಂದುಕೊಂಡ, ಅದೇ ಸಂಜೆ ಇವನ ಉಳುಕಿದ ಹಿಮ್ಮಡಿಗೆ ಅದೇ ಎಣ್ಣೆ, ಅದೇ ಬೆರಳು, ಆಗಲೂ ಮನಸ್ಸು ಕೇಳಿತು, ಇದೂ ಓಟಿಗೇನು? ಅವಳು ಗೆದ್ದು ಕೆಟ್ಟುಹೋದಾಳು ಎಂಬ ಹೆದರಿಕೆಯೇನೂ ಇರಲಿಲ್ಲ, ಗೆದ್ದೂ ಕೆಡದಿದ್ದರೆ — ಇಷ್ಟು ವರ್ಷ ತಾನು ಬರೆದದ್ದೆಲ್ಲ ಏನಾದೀತು, ರಟ್ಟಿನ ಮರೆಯಲ್ಲಿ ಬೆರಳನ್ನು ಕೆಳಗೆಳೆದದ್ದು ಅದು, ಬೇರೇನಲ್ಲ, ಕೆಂಪು ದೀಪ, ಆ ಕೂಗು.

ವೈನೀ, ಛಲೋ ಫೈಟ್ ಕೊಟ್ರಿ ಬಿಡ್ರಿ, ಜಗದಾಳೆ ಜೀಪಿನಿಂದ ಇಳಿದು ಕೈಮುಗಿಯುತ್ತಿದ್ದಾನೆ, ಕೊರಳ ತುಂಬ ಹಾರ, ಮೊದಲು ಚರಂಡಿ ನೋಡಪ್ಪಾ, ಹಾರ ಆಮೇಲೆ ಎನ್ನುತ್ತಾಳೆ ಸುಲಭಾ, ಅವನ ಹುಡುಗರು ಹೋ ಎಂದು ಇವರ ಮೇಲೆ ಮತ್ತೊಂದು ಬೊಗಸೆ ಗುಲಾಲು ಎರಚಿ ಮುಂದೆ ಹೋದರು. ಅವಳು ಇವನ ಕಿವಿಯ ಹತ್ತಿರ ಬಾಗಿದಳು, ಅಲ್ರೀ, ನಮ್ಮ ಬೂತಿನಾಗ ಯಾರೂ ಬ್ಯಾಡ ಅನ್ನೋ ಗುಂಡಿಗೆ ಬಿದ್ದದ್ದು ಒಂದ ಒಂದು ಓಟು, ಎಣಿಸೋವಾಗ ನೋಡಿದೆ, ಪಾಪ, ನಿಮ್ಮ ಅಂಕಣ ಓದೋರು ಒಬ್ಬರಾದ್ರೂ ನಮ್ಮ ಓಣ್ಯಾಗ ಇದ್ದಾರಂದಂಗಾತು. ನಗು ಇವನ ಬೆನ್ನಿಗೆ ತಾಗಿತು, ಬರಿಯ ನಗುವೋ, ತಿಳಿದೇ ನಕ್ಕದ್ದೋ, ಸುಲಭಾ, ಎಂದ, ಏನ್ರಿ, ಎಂದಳು, ಏನಿಲ್ಲ, ಎಂದ. ಹ್ಯಾಂಡಲ್ ಮೇಲಿನ ಇವನ ಎಡಗೈಯನ್ನು ತೆಗೆದುಕೊಂಡು ಅವಳು ಸೆರಗಿನ ತುದಿಯಿಂದ ಒರೆಸತೊಡಗಿದಳು, ಅಂಗೈಯಿಂದ ಗುಲಾಲು ಹೋಯಿತು, ಗೆಣ್ಣುಗಳಿಂದ ಹೋಯಿತು, ತೋರುಬೆರಳ ಉಗುರಿನ ಮೇಲಿನ ಓಟಿನ ಶಾಯಿಯ ಕಪ್ಪು ಗೆರೆಯಲ್ಲಿ ಸೆರಗು ನಿಂತಿತು, ಅದರ ಪಕ್ಕದಲ್ಲೇ ಅವಳ ಬೆರಳು, ಅದರ ಮೇಲೂ ಅದೇ ಗೆರೆ, ಇದು ಒರೆಸಿದ್ರ ಹೋಗೂದಲ್ರಿ, ಉಗುರು ಬೆಳದ ಹೋಗಬೇಕು, ಎನ್ನುತ್ತಾಳೆ, ಎನ್ನುತ್ತಲೇ ಒರೆಸುತ್ತಾಳೆ, ಮೆರವಣಿಗೆ ಹೋಗಿ ಬೀದಿ ಬಿಚ್ಚಿಕೊಂಡಿದೆ, ಹಿಂದಿನವರು ಹಾರ್ನ್ ಹಾಕುತ್ತಿದ್ದಾರೆ, ಮುಕುಂದ ನೋಡುತ್ತಿದ್ದಾನೆ, ಉಗುರು, ಕಪ್ಪು ಗೆರೆ, ಅವಳ ಸೆರಗು, ಉಗುರು, ಕಪ್ಪು ಗೆರೆ —