ಮಗ್ಗದ ಮುಂದೆ ಕೂತ ಗಂಡಸು

ಬರ್ನೂಸು ನಿಲುವಂಗಿ ನೇಯ್ದು ಮುಗಿದಿತ್ತು. ಇನ್ನು ಹಾಸಿನ ಎಳೆಗಳನ್ನು ಕತ್ತರಿಸಿ ಮಗ್ಗದಿಂದ ಇಳಿಸುವುದಷ್ಟೇ ಬಾಕಿ. ಆಗದೆ ಉಳಿದದ್ದೂ ಅದೇ.

ವರ್ದಿಯಳ ಮಗ ಅರೆಸ್ಕಿ ಹೇಸರಗತ್ತೆಯ ಮೇಲೆ ಸೂಜಿ, ಮೆಣಸು, ಕನ್ನಡಿ ಹೇರಿಕೊಂಡು ಜುರ್ಜುರ ಬೆಟ್ಟದಾಚೆ ವ್ಯಾಪಾರಕ್ಕೆ ಹೊರಡುವವನು. ಬೆಟ್ಟದ ನೆತ್ತಿಯಲ್ಲಿ ಆಗಲೇ ಹಿಮ ಬಿದ್ದಿತ್ತು. ಅವಳ ಸತ್ತ ಗಂಡನ ಹಳೇ ನಿಲುವಂಗಿ ಬೆನ್ನಿನಲ್ಲಿ ಜಾಲರಿಯಾಗಿ ಹೋಗಿತ್ತು. ಹೋದ ವರ್ಷ ಅದನ್ನೇ ಹೊದ್ದು ಹೋಗಿದ್ದ ಹುಡುಗ ಕೆಮ್ಮು ಹೊತ್ತುಕೊಂಡು ಬಂದು, ಅಂಜೂರ ಹಣ್ಣಾಗುವ ತನಕ ಕೆಮ್ಮಿದ. ಅದಕ್ಕೇ ಈ ದಪ್ಪ ಉಣ್ಣೆಯ ಬರ್ನೂಸು, ತಲೆ ಮುಚ್ಚುವ ಟೊಪ್ಪಿಗೆ ಸಮೇತ.

ಆದರೆ ಮಗ್ಗದ ಮುಂದೆ ಫ್ರೆಂಚರ ಚಿತ್ರಗಾರ ಬಂದು ಕೂತಿದ್ದ. ಊರಿನ ಯಜಮಾನ ಅಮೀನ, “ಅತಿಥಿ, ಇಲ್ಲ ಅನ್ನಬೇಡ” ಎಂದು ಕಳಿಸಿದ್ದ. ಬೆಳಗಿನ ಬಿಸಿಲು ಮಗ್ಗದ ಮೇಲೆ ಬೀಳುವುದು ಚಿತ್ರಗಾರನಿಗೆ ಬಲು ಹಿಡಿಸಿತ್ತು. ದಿನವೂ ಬಿಸಿಲಿಗಿಂತ ಮೊದಲೇ ಬರುವನು, ಬಿಸಿಲು ಹೋದ ಮೇಲೆ ಏಳುವನು.

ಮಗ್ಗಕ್ಕೆ ಜೀವವಿದೆ. ಎಳೆ ಕತ್ತರಿಸಿದಾಗ ಅದು ಪ್ರಾಣ ಬಿಡುತ್ತದೆ. ಸಾಯುವವರ ಬಾಯಿಗೆ ಬಿಡುವ ಹಾಗೆ ಎಳೆಗಳಿಗೆ ನೀರು ಚಿಮುಕಿಸಿ, ದೇವರ ಹೆಸರು ಹೇಳಿ, ಬೆಳಗಿನ ಬಿಸಿಲಿನಲ್ಲೇ ಕತ್ತರಿಸಬೇಕು. ಆಗ ಗಂಡಸು ಎದುರಿಗಿದ್ದರೆ ಆ ಸಾವು ಅವನಿಗೆ ತಗಲುತ್ತದೆ.

“ಅವನೆಂಥ ಗಂಡಸೇ?” ಎಂದಳು ಅತ್ತೆ ಶಬ್ಹಾ. “ಬೆಳಗಿಂದ ಹೆಂಗಸರ ಮಧ್ಯೆ ಕೂತು ಬಣ್ಣ ಕಲಸ್ತಾನೆ. ಕತ್ತರಿಸು, ಏನೂ ಆಗಲ್ಲ.”

“ಗಡ್ಡ ಇದೆಯಲ್ಲ ಅತ್ತೆ.”

“ಗಡ್ಡ ನಮ್ಮ ಮೇಕೆಗೂ ಇದೆ.”

ವರ್ದಿಯಳಿಗೆ ನಗು ಬರಲಿಲ್ಲ. ಯಾರೋ ಹೆತ್ತ ಮಗ. ಅವನ ಸಾವನ್ನು ತನ್ನ ಕೈಯಲ್ಲಿ ಹೇಗೆ ಕತ್ತರಿಸುವುದು?

ಮಗ ಹೊರಡುವ ದಿನ ಬೆಳಗ್ಗೆ ಅವಳು ಹೊಸ್ತಿಲಾಚೆ ನಿಂತಿದ್ದ ದುಭಾಷಿ ಬೆಲ್ಕಾಸೆಮನನ್ನು ಕರೆದಳು.

“ತಮ್ಮಾ, ಒಂದು ಗಳಿಗೆ ಅವನನ್ನ ಆ ಕಡೆ ಕರ್ಕೊಂಡು ಹೋಗೋ. ಅವನ ಒಳ್ಳೇದಕ್ಕೇ ಹೇಳ್ತಿರೋದು. ಯಾಕೆ ಅಂತಾನೂ ಬಿಡಿಸಿ ಹೇಳು.”

“ಬೇಡ ಅತ್ತಿಗೆ, ಯಾಕೆ ಅಂತ ಹೇಳಿದ್ರೆ ಕೆಲಸ ಕೆಡುತ್ತೆ.”

“ಹೇಳು ಅಂದೆನಲ್ಲ!”

ಬೆಲ್ಕಾಸೆಮ ಹೇಳಿದ. ಚಿತ್ರಗಾರ ಮಧ್ಯೆ ಮಧ್ಯೆ ತಡೆದು ಕೇಳಿದ, ಕಣ್ಣರಳಿಸಿದ, ಎದ್ದು ನಿಂತ. ಹೊರಡುತ್ತಾನೆಂದುಕೊಂಡು ಅವಳು ನೀರಿನ ಬಟ್ಟಲು ಎತ್ತಿಕೊಂಡಳು. ಅವನು ಹಳೇ ಚಿತ್ರವನ್ನು ಗೋಡೆಗೆ ಒರಗಿಸಿ, ಚೀಲದಿಂದ ಚಿತ್ರ ಬರೆಯಲು ಬಟ್ಟೆ ಬಿಗಿದ ಹೊಸ ಹಲಗೆ ತೆಗೆದು, ಕುರ್ಚಿಯನ್ನು ಮಗ್ಗದ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡ.

“ಏನಂತೆ?”

ಬೆಲ್ಕಾಸೆಮ ನೆಲ ನೋಡಿದ. “ಇಂಥದ್ದಕ್ಕೇ ಸಮುದ್ರ ದಾಟಿ ಬಂದಿದ್ದಂತೆ. ಕತ್ತರಿಸಬೇಕಂತೆ. ನಿಧಾನಕ್ಕೆ. ಅದನ್ನೇ ಬರೀತಾನಂತೆ.”

“ಸಾಯ್ತೀಯ ಅಂತ ಹೇಳಿದೆಯಾ?”

“ಹೇಳಿದೆ. ಬಹಳ ಚೆನ್ನಾಗಿದೆ ಅಂದ.”

ಹೊರಗೆ ಮಗನ ಜೊತೆಗಾರರು ಕೂಗಿದರು. ಇನ್ನು ತಡಮಾಡಿದರೆ ದಾರಿ ಹಿಮದಲ್ಲಿ ಮುಚ್ಚಿಹೋಗುತ್ತಿತ್ತು. ಅರೆಸ್ಕಿ ಅಪ್ಪನ ಹಳೇ ನಿಲುವಂಗಿಯನ್ನೇ ಹೊದ್ದು ಬಾಗಿಲಿಗೆ ಬಂದ. ವರ್ದಿಯ ತನ್ನ ಶಾಲು ಬಿಚ್ಚಿ ಅವನ ಹೆಗಲಿಗೆ ಹಾಕಿದಳು.

“ಕೆಂಪು ಪಟ್ಟೆ ಶಾಲಾ? ಅಮ್ಮಾ, ಬೆಟ್ಟದಾಚೆಯವರು ನನಗೆ ಗಂಡು ನೋಡ್ತಾರೆ!” ಎಂದು ನಕ್ಕು ಅವನು ಶಾಲು ಹಿಂದಕ್ಕೆ ಕೊಟ್ಟ. “ಇರಲಿ ಬಿಡು. ಮುಂದಿನ ಸಲ ಬರ್ನೂಸು ಹೊದ್ಕೋತೀನಿ.” ನಗು ಮುಗಿಯುವ ಮೊದಲೇ ಕೆಮ್ಮು ಬಂತು.

ಹೇಸರಗತ್ತೆಗಳು ತಿರುವಿನಲ್ಲಿ ಮರೆಯಾಗುವ ತನಕ ನೋಡಿ ಅವಳು ಒಳಗೆ ಬಂದಳು. ಬಿಸಿಲು ಮಗ್ಗದ ತುಂಬ ಚೆಲ್ಲಿತ್ತು. ಬರ್ನೂಸು ಎಳೆಗಳಲ್ಲಿ ಬಿಗಿದುಕೊಂಡೇ ನಿಂತಿತ್ತು. ಚಿತ್ರಗಾರ ಎಳೆ ಕತ್ತರಿಸುವ ಕತ್ತಿಯ ಕಡೆ ಕೈತೋರಿಸಿದ.

ಅವಳು ಕತ್ತಿಯನ್ನು ಅತ್ತೆಯ ಮಡಿಲಿಗೆ ಹಾಕಿ, ಅವನಿಗೆ ಬೆನ್ನು ಮಾಡಿ ಮಗ್ಗದ ಮುಂದೆ ಕೂತಳು.

“ಅವನಿಗೆ ಹೇಳು ತಮ್ಮಾ. ಎದ್ದು ಹೋಗೋ ತನಕ ನಾನು ಕತ್ತರಿಸಲ್ಲ, ಮುಖಾನೂ ತೋರಿಸಲ್ಲ.”

ಬೆಲ್ಕಾಸೆಮ ಹೇಳಿದ. ಆಮೇಲೆ ಬಟ್ಟೆಯ ಮೇಲೆ ಇದ್ದಿಲ ಕಡ್ಡಿ ಗೀಚುವ ಸದ್ದು ಕೇಳಿಸಿತು.

“ಬೆನ್ನೂ ಚೆನ್ನಾಗಿದೆಯಂತೆ ಅತ್ತಿಗೆ,” ಎಂದ ಬೆಲ್ಕಾಸೆಮ. “ಹಾಗೇ ಅಲ್ಲಾಡದೆ ಕೂತಿರಬೇಕಂತೆ.”