ಅಣ್ಣನ ಬಸ್ಸಿಗೆ ಹಸಿರು

ಅಣ್ಣ ಮೂವತ್ತೊಂದು ವರ್ಷ ಓಡಿಸಿದ್ದು ಒಂದೇ ಬಸ್ಸನ್ನು. ನಿವೃತ್ತನಾದ ಮೇಲೆ ಅದನ್ನೇ ಗೇಣುದ್ದಕ್ಕೆ ಇಳಿಸಿ ಊಟದ ಮೇಜಿನ ಮೇಲೆ ಕಟ್ಟತೊಡಗಿದ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಉಜ್ಜಿ, ಕಿಟಕಿಯ ಸರಳು, ಸೀಟು, ಹಿಂಬದಿಯ ಏಣಿಯವರೆಗೆ ಎಲ್ಲವನ್ನೂ ಎಂಟು ತಿಂಗಳಲ್ಲಿ ಮುಗಿಸಿದ. ಬಣ್ಣದ ಹೊತ್ತಿಗೆ ಸರಿಯಾಗಿ ಕಣ್ಣು ಕೈಕೊಟ್ಟಿತು. ಒಳಗಿನ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಮುಚ್ಚಿಕೊಳ್ಳುತ್ತಿದೆ, ಹೋದದ್ದು ಹೋಯಿತು, ಇರುವುದನ್ನು ಎಷ್ಟು ದಿನ ಉಳಿಸಿಕೊಳ್ಳಬಹುದೋ ನೋಡೋಣ ಎಂದರು ಡಾಕ್ಟರು.

"ಬಣ್ಣ ನೀನೇ ಹಚ್ಚು," ಎಂದ ತಂಗಿಗೆ. "ಸೂಜಿಗೆ ದಾರ ಪೋಣಿಸೋ ಕೈ ನಿಂದು. ಎಲೆ ಹಸಿರಲ್ಲ ಮತ್ತೆ, ಶಾಲೆ ಹಲಗೆ ಹಸಿರು."

ತಂಗಿ ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಒಂದು ಹೊಲಿಗೆ ಸೊಟ್ಟಗಾದರೆ ಇಡೀ ಅಂಚನ್ನೇ ಬಿಚ್ಚಿ ಕೂರುವ ಜಾತಿ. ಗಿರಾಕಿಗಳು ಅವಳ ಬೆನ್ನ ಹಿಂದೆ 'ಬಿಚ್ಚೋ ಅಕ್ಕ' ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು.

ಆಟಿಕೆ ಅಂಗಡಿಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಇಂಥ ಪುಟ್ಟ ಮಾದರಿಗಳಿಗೆ ಬಣ್ಣ ಹಚ್ಚುವುದನ್ನು ಕಲಿಸುತ್ತಿದ್ದರು. ಅವಳು ಸೇರಿಕೊಂಡಳು. ಮೇಷ್ಟ್ರು ಪಾಠಗೀಠ ಎಂದು ಏನೂ ಮಾಡುವವರಲ್ಲ. ಒಂದು ಪ್ಲಾಸ್ಟಿಕ್ ಚಮಚ ಕೊಟ್ಟು, "ಇದರ ಬೆನ್ನಿಗೆ ಹಚ್ಚಿ," ಎಂದರು. ಅವಳು ಡಬ್ಬಿಯ ಬಣ್ಣವನ್ನು ಹಾಗೇ ಮೆತ್ತಿದಳು.

"ಗೋಡೆಗೆ ಸುಣ್ಣ ಬಳಿದಂಗಾಯ್ತಲ್ಲಮ್ಮ! ಹಾಲಿನಷ್ಟು ತೆಳು ಮಾಡ್ಕೊಳ್ಳಿ. ಮೊದಲನೇ ಪದರ ನೋಡಿದ್ರೆ ಛೀ ಅನ್ನಿಸ್ಬೇಕು. ಮೂರನೇದಕ್ಕೆ ಕಳೆ ಬರುತ್ತೆ."

ಕೈ ಮೆಲ್ಲಗೆ ಕಲಿಯಿತು. ಒಂದು ಪದರ ಒಣಗುವ ತನಕ ಇನ್ನೊಂದನ್ನು ಮುಟ್ಟಬಾರದು. ಕುಂಚವನ್ನು ಬಟ್ಟೆಗೆ ಒರೆಸಿ, ಒಣಕಲು ತುದಿಯನ್ನು ಅಂಚುಗಳ ಮೇಲೆ ಸವರಿದರೆ ಸವೆದ ತಗಡು ಮೂಡುತ್ತದೆ. ನೀರು ಮಾಡಿದ ಕಂದು ಬಣ್ಣವನ್ನು ಸಂದಿಗೆ ಬಿಟ್ಟರೆ ಅದೇ ಹರಿದು ತುಕ್ಕಾಗುತ್ತದೆ.

ಮೂರನೇ ತಿಂಗಳಲ್ಲಿ ಮೇಷ್ಟ್ರೇ ಹೇಳಿದರು: "ಇನ್ನು ಚಮಚ ಕೊಡಲ್ಲ. ಬಸ್ಸು ತನ್ನಿ."

"ಕೆಟ್ಟುಹೋದ್ರೆ?"

"ಒರೆಸಿ ಮತ್ತೆ ಹಚ್ತೀರಿ. ಕೆಡಿಸದೆ ಕಲಿತೋರನ್ನ ನಾನಂತೂ ಕಂಡಿಲ್ಲ."

ಅವಳು ಬಸ್ಸು ಒಯ್ಯಲಿಲ್ಲ. ತಾನೇ ಒಂದು ಕಟ್ಟು ಚಮಚ ಕೊಂಡು ತಂದಳು. ಅಣ್ಣ ಕೇಳಿದಾಗಲೆಲ್ಲ "ಇನ್ನೊಂದ್ ವಾರ ತಡಿ, ಕೈ ಕೂತ್ಕೊಳ್ಲಿ," ಎಂದಳು.

ಒಂದು ಮಧ್ಯಾಹ್ನ ಗುಂಡಿ ತರಲು ಹೋಗಿ ಬರುವಷ್ಟರಲ್ಲಿ ಅಣ್ಣ ಡಬ್ಬಿ ತೆರೆದು ಕೂತಿದ್ದ. ಬಸ್ಸಿನ ಚಾವಣಿಯ ಮೇಲೆ ದಪ್ಪನೆಯ ಹಸಿರು, ಕಿಟಕಿಗಳ ಮೇಲೆ ಇಳಿದ ಹನಿಗಳು, ಅವನ ಮೊಣಕೈಗೂ ಅಷ್ಟು ಹಸಿರು.

"ಎಂಟು ತಿಂಗಳ ಕೆಲಸಾನ ಕೈಯಾರೆ ಹಾಳು ಮಾಡ್ತಿದೀಯಲ್ಲ! ಕಣ್ಣು ಕಾಣದೋರಿಗೆ ಯಾಕೆ ಬೇಕಿತ್ತು ಇದು?"

ಮಾತು ಬಾಯಿ ಜಾರಿತ್ತು. ಅಣ್ಣ ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟ.

"ಕಾಣೋವಾಗ್ಲೇ ನೋಡ್ಬಿಡೋಣ ಅಂತ," ಎಂದ, ಅಷ್ಟೇ.

ಅವಳು ಸ್ಪಿರಿಟ್ ಅದ್ದಿದ ಬಟ್ಟೆ ತಂದು, ಒಂದು ಗೆರೆಯೂ ಉಳಿಯದಂತೆ ಅದನ್ನೆಲ್ಲ ಒರೆಸಿದಳು. ಅಂದಿನಿಂದ ಅಣ್ಣ ಬಸ್ಸಿನ ಸುದ್ದಿ ಎತ್ತಲಿಲ್ಲ. ಸದ್ಯ, ತಾಳ್ಮೆ ಬಂತು ಎಂದುಕೊಂಡಳು.

ಕೊನೆಗೆ ಐದನೇ ತಿಂಗಳಲ್ಲಿ ಶುರುಮಾಡಿ ಮೂರು ವಾರದಲ್ಲಿ ಮುಗಿಸಿದಳು. ಹಸಿರು ಐದು ಪದರ, ಸೊಂಟಕ್ಕೊಂದು ಹಳದಿ ಪಟ್ಟಿ, ಚಕ್ರಗಳಿಗೆ ದಾರಿಯ ಧೂಳು. ತಪ್ಪು ಹುಡುಕಲೆಂದೇ ಕೂತ ಅವಳಿಗೂ ತಪ್ಪು ಸಿಗಲಿಲ್ಲ. ಬೆಳಕು ಚೆನ್ನಾಗಿದ್ದ ಬೆಳಿಗ್ಗೆ ಅದನ್ನು ಕಿಟಕಿಯ ಬಳಿ ಕೂತಿದ್ದ ಅಣ್ಣನ ಕೈಗಿಟ್ಟಳು.

ಅವನು ಬಸ್ಸನ್ನು ಮೂಗಿನ ತನಕ ತಂದ. ಕತ್ತು ವಾಲಿಸಿದ. ಕಿಟಕಿಯ ಕಡೆ ಹಿಡಿದು ತಿರುಗಿಸಿದ.

"ಕಪ್ಪು ಹಚ್ಚಿದೀಯಾ?"

"ಇಲ್ಲಣ್ಣ, ಹಸಿರು. ನೀನು ಹೇಳಿದ್ದೇ."

"ಹೌದಾ? ಹಂಗಾದ್ರೆ ಹಸಿರೇ ಇರುತ್ತೆ ಬಿಡು."

"ಯಾವಾಗಿಂದ ಹಿಂಗೆ?"

"ತಿಂಗಳ ಮೇಲಾಯ್ತು. ಅಲ್ಲೊಂದು ಇಲ್ಲೊಂದು ಆಕಾರ ಕಾಣುತ್ತೆ. ಬಣ್ಣ ಮಾತ್ರ ಎಲ್ಲಾ ಬೂದಿ. ನೀನು ಅಷ್ಟು ಶ್ರದ್ಧೆಯಿಂದ ಕೂತಿದ್ದೆ, ಏನಂತ ಹೇಳ್ಲಿ?"

ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತು ನೀನು ಹಚ್ಚಿದ್ದನ್ನ ನಾನು ಒರೆಸಬಾರದಿತ್ತು," ಎಂದಳು.

ಅಣ್ಣ ನಕ್ಕ. "ಅಯ್ಯೋ, ಅದು ನೋಡೋ ಹಂಗೇ ಇರ್ಲಿಲ್ಲ ಕಣೇ." ಬೆರಳಿನಿಂದ ಚಾವಣಿಯನ್ನು ಸವರಿದ. ಎಲ್ಲೂ ಒಂದು ಉಬ್ಬಿಲ್ಲ, ತಗ್ಗಿಲ್ಲ. "ಆದ್ರೆ ಹಸಿರಾಗಿತ್ತು."

ಅವಳು ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮೇಷ್ಟ್ರು ಬಸ್ಸನ್ನು ನೋಡಿ, ತಮ್ಮ ಕೈಯಲ್ಲೂ ಇಂಥದ್ದು ಬಂದಿಲ್ಲ ಎಂದರು. ಆಟಿಕೆ ಅಂಗಡಿಯ ಬೀದಿಬದಿಯ ಗಾಜಿನ ಕಪಾಟಿನಲ್ಲಿ ಇಡಲು ಕೇಳಿದರು. ಅಣ್ಣ ತಕ್ಷಣ ಒಪ್ಪಿದ. "ನಾಲ್ಕು ಜನ ನೋಡ್ಲಿ ಬಿಡು. ನೋಡೋದಕ್ಕೇ ಅಲ್ವಾ ಬಣ್ಣ ಹಚ್ಚೋದು?"

ದಾರಿಹೋಕರು ಗಾಜಿಗೆ ಮುಖವೊತ್ತಿ ನೋಡುತ್ತಾರಂತೆ. ದಾರದ ಅಂಗಡಿಗೆ ಅದೇ ಬೀದಿ ಹತ್ತಿರ. ಅವಳು ಮಾತ್ರ ಹಿಂದಿನ ಬೀದಿಯಿಂದ ಸುತ್ತುಹಾಕಿ ಹೋಗುತ್ತಾಳೆ.